ಶೀಟಿನ ಕೆಳಗೊಂದು ಬೋರ್ಡು

ಮಾಡ್ಯುಲರ್ ಕಿಚನ್ ಹಾಕಿಸಿದವರ ಮನೆಗೆ ಹೋದರೆ ಎಲ್ಲರೂ ಬಾಗಿಲಿನ ಬಣ್ಣ ನೋಡುತ್ತಾರೆ, ಹ್ಯಾಂಡಲ್ ಮುಟ್ಟುತ್ತಾರೆ, ಡ್ರಾಯರ್ ತಳ್ಳಿ ‘ಅರೆ, ತಾನಾಗೇ ಮುಚ್ಚಿಕೊಳ್ಳುತ್ತಲ್ಲ!’ ಎಂದು ಖುಷಿಪಡುತ್ತಾರೆ. ನನ್ನ ಕಣ್ಣು ಹೋಗುವುದು ಎರಡು ಬಾಗಿಲುಗಳ ನಡುವಿನ ಸಂದಿಗೆ. ಮೇಲಿನಿಂದ ಕೆಳಗಿನವರೆಗೆ ಸಂದಿ ಒಂದೇ ಅಗಲ ಇದ್ದರೆ, ಹಿಂಜ್ ಕೂರಿಸಿದವರ ಕೈ ಚೆನ್ನಾಗಿದೆ ಅಂತ ಒಂದು ಅರ್ಥ. ಆ ಬಾಗಿಲು ಕತ್ತರಿಸಿದ ದಿನ ಯಾವುದೋ ಶೆಡ್ಡಿನಲ್ಲಿ ಯಾರೋ ಒಬ್ಬರು ಶೀಟಿನ ಕೆಳಗಿನ ಬೋರ್ಡನ್ನು ಸರಿಯಾಗಿ ನೋಡಿಕೊಂಡಿದ್ದರು ಅಂತ ಇನ್ನೊಂದು ಅರ್ಥ. ಆ ಎರಡನೆಯವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ಈ ಬರಹ.

ನಾನು ಬೆಂಗಳೂರಿನ ಹೊರವಲಯದ ಒಂದು ಸಣ್ಣ ಫರ್ನಿಚರ್ ಫ್ಯಾಕ್ಟರಿಯಲ್ಲಿ ಸಿಎನ್‌ಸಿ ರೌಟರ್ ಆಪರೇಟರ್. ಐಟಿಐ ಮುಗಿಸಿ ಬಂದು ನಾಲ್ಕು ವರ್ಷವಾಯಿತು. ‘ಅದು ಕಂಪ್ಯೂಟರ್ ಕೆಲಸಾನಾ, ಕಾರ್ಪೆಂಟರ್ ಕೆಲಸಾನಾ?’ ಎಂದು ಊರಲ್ಲಿ ದೊಡ್ಡಪ್ಪ ಪ್ರತಿ ಹಬ್ಬಕ್ಕೂ ಕೇಳುತ್ತಾರೆ. ಎರಡೂ ಹೌದು. ಡಿಸೈನ್ ಕಂಪ್ಯೂಟರಿನಿಂದ ಬರುತ್ತದೆ. 8 ಅಡಿ ಉದ್ದ, 4 ಅಡಿ ಅಗಲದ ಶೀಟನ್ನು ನಾವು ಮಷಿನ್ ಮೇಲೆ ಮಲಗಿಸುತ್ತೇವೆ. ನಿಮಿಷಕ್ಕೆ 18,000 ಸುತ್ತು ತಿರುಗುವ ಬಿಟ್ ಅದನ್ನು ಬಾಗಿಲು, ಪಕ್ಕದ ಹಲಗೆ, ಶೆಲ್ಫ್ ಎಂದು ಬೇರೆ ಬೇರೆ ತುಂಡು ಮಾಡುತ್ತದೆ.

ಶೀಟು ಪೂರ್ತಿ ಕತ್ತರಿಸಬೇಕೆಂದರೆ ಬಿಟ್ ಅದರ ತಳ ದಾಟಿ ಕೂದಲೆಳೆಯಷ್ಟಾದರೂ ಕೆಳಗೆ ಇಳಿಯಬೇಕು. ಇಳಿದದ್ದು ಮಷಿನ್ನಿನ ಬೆಡ್‌ಗೆ ತಗುಲಿದರೆ ಬಿಟ್ಟೂ ಹೋಯಿತು, ಬೆಡ್ಡೂ ಹೋಯಿತು. ಅದಕ್ಕೇ ನಡುವೆ ಒಂದು ಎಂಡಿಎಫ್ ಹಲಗೆ ಹಾಸಿರುತ್ತೇವೆ. ಅದರ ಹೆಸರು ಸ್ಪಾಯಿಲ್‌ಬೋರ್ಡ್. ಹೆಸರಲ್ಲೇ ಇದೆ ನೋಡಿ, ಹಾಳಾಗುವುದಕ್ಕೆಂದೇ ಇರುವ ಬೋರ್ಡು. ಅಡುಗೆಮನೆಯ ತರಕಾರಿ ಹೆಚ್ಚುವ ಮಣೆ ಇದ್ದ ಹಾಗೆ. ಆದರೆ ಮಣೆ ಮಾಡದ ಇನ್ನೊಂದು ಕೆಲಸವನ್ನೂ ಇದು ಮಾಡುತ್ತದೆ. ಮೇಲಿರುವ ಶೀಟು ಅಲುಗದಂತೆ ಹಿಡಿದುಕೊಳ್ಳುತ್ತದೆ. ಸ್ಕ್ರೂ ಇಲ್ಲ, ಕ್ಲ್ಯಾಂಪ್ ಇಲ್ಲ, ಬರೀ ಗಾಳಿ!

ಒತ್ತುವುದು ಗಾಳಿ

ವ್ಯಾಕ್ಯೂಮ್ ಪಂಪ್ ಶೀಟನ್ನು ಕೆಳಕ್ಕೆ ಎಳೆಯುತ್ತದೆ ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ. ನಿಜವಾಗಿ ಅದು ಏನನ್ನೂ ಎಳೆಯುವುದಿಲ್ಲ. ಶೀಟಿನ ಕೆಳಗಿನ ಗಾಳಿಯನ್ನು ಪಂಪ್ ಖಾಲಿ ಮಾಡುತ್ತದೆ, ಮೇಲಿರುವ ಗಾಳಿ ಶೀಟನ್ನು ಒತ್ತುತ್ತದೆ. 17ನೇ ಶತಮಾನದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ನ ಒಟ್ಟೋ ಫಾನ್ ಗೆರಿಕೆ ಎರಡು ಅರ್ಧಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದಾಗ, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದರೂ ಅವು ಬೇರೆಯಾಗಲಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಪಾಠ ಇಲ್ಲಿ ದಿನಾ ನಡೆಯುತ್ತದೆ.

ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನ ಜೊತೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ನಾರುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿರುತ್ತವೆ. ಆ ಸಂದುಗಳಲ್ಲಿ ಗಾಳಿ ಹಾಯುತ್ತದೆ. ಪ್ಲೈವುಡ್ ಈ ಕೆಲಸಕ್ಕೆ ಬರುವುದಿಲ್ಲ, ಪದರ ಪದರದ ನಡುವಿನ ಅಂಟು ಗಾಳಿಯನ್ನು ತಡೆಯುತ್ತದೆ. ಎಂಡಿಎಫ್ ಆದರೆ ಇಡೀ ಬೋರ್ಡೇ ಉಸಿರಾಡುತ್ತದೆ ಅನ್ನಿ. ಹಾಗಾಗಿ ಮೇಲೆ ಯಾವ ಆಕಾರದ ತುಂಡಿದ್ದರೂ, ಎಲ್ಲಿದ್ದರೂ ಹಿಡಿತ ಸಿಗುತ್ತದೆ.

ಎಷ್ಟು ಹಿಡಿತ? ಒಂದು ಲೆಕ್ಕ ಹಾಕೋಣ. 8x4 ಶೀಟಿನ ವಿಸ್ತೀರ್ಣ ಸುಮಾರು 30,000 ಚದರ ಸೆಂಟಿಮೀಟರ್. ಶೀಟಿನ ಮೇಲೆ ಮತ್ತು ಕೆಳಗಿನ ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ ಕಾಲು ಕೆ.ಜಿ. ಇದೆ ಅಂದುಕೊಳ್ಳಿ. ಒಟ್ಟು ಏಳು ಟನ್‌ಗೂ ಹೆಚ್ಚಾಯಿತು! ಆನೆ ಬಂದು ಕೂತಂತೆ. ಇಷ್ಟು ಕೇಳಿದವರು ‘ಹಾಗಾದರೆ ಭಯವೇನು?’ ಅನ್ನುತ್ತಾರೆ. ಭಯ ಇರುವುದು ಶೀಟು ತುಂಡಾದ ಮೇಲೆ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡಿಗೆ ಸಿಗುವುದು 100 ಚದರ ಸೆಂಟಿಮೀಟರ್, ಅಂದರೆ 25 ಕೆ.ಜಿ. ಮಾತ್ರ. 5x5 ತುಂಡಿಗೆ ಆರು ಕೆ.ಜಿ. ಬಿಟ್ ತುಂಡನ್ನು ಒತ್ತುವುದು ಮೇಲಿನಿಂದ ಅಲ್ಲ, ಪಕ್ಕದಿಂದ. ಪಕ್ಕಕ್ಕೆ ಜಾರದಂತೆ ತಡೆಯುವ ಬಲ ಈ 25 ಕೆ.ಜಿ.ಯಲ್ಲಿ ಒಂದು ಪಾಲು ಅಷ್ಟೇ. ಬೋರ್ಡಿನಲ್ಲಿ ಎಲ್ಲಾದರೂ ಗಾಳಿ ಸೋರಿ ಒತ್ತಡ ಕಾಲು ಕೆ.ಜಿ.ಯಿಂದ 100 ಗ್ರಾಂಗೆ ಇಳಿದರೆ, ಅದೇ ತುಂಡಿನ ಮೇಲೆ ಉಳಿಯುವುದು 10 ಕೆ.ಜಿ. ಆಗ ಬಿಟ್ ಮನಸ್ಸು ಮಾಡಿದರೆ ತುಂಡು ಹಾರಿಯೇ ಹೋಗುತ್ತದೆ.

ನಮ್ಮೂರ ಎತ್ತರವೂ ಈ ಲೆಕ್ಕದಲ್ಲಿ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಅದೇ ಪಂಪ್, ಅದೇ ಮಷಿನ್ ಕರಾವಳಿಯಲ್ಲಿ ಸ್ವಲ್ಪ ಗಟ್ಟಿಯಾಗಿ ಹಿಡಿಯುತ್ತದೆ. ಹಾಗಂತ ಮಂಗಳೂರಿನವರು ಬೀಗಬೇಕಿಲ್ಲ, ಅಲ್ಲಿನ ತೇವಕ್ಕೆ ಎಂಡಿಎಫ್ ಉಬ್ಬುತ್ತದೆ!

ಮೂರು ತಿಂಗಳ ಹುಡುಗ

ಹೋದ ವರ್ಷದ ಮಳೆಗಾಲ. ನಮ್ಮಲ್ಲಿಗೆ ಸೇರಿ ಮೂರು ತಿಂಗಳಾಗಿದ್ದ ಹುಡುಗನೊಬ್ಬ ಮಧ್ಯಾಹ್ನದ ಶಿಫ್ಟಿನಲ್ಲಿ ಡ್ರಾಯರ್ ಮುಂಭಾಗಗಳನ್ನು ಕತ್ತರಿಸುತ್ತಿದ್ದ. ಅಂಗೈಯಗಲದ ಒಂದು ತುಂಡು ಜಾಗ ಬಿಟ್ಟು ಸರಿಯಿತು. ಬಿಟ್ ಮುರಿಯಿತು. ಮುರಿಯುವ ಮೊದಲು ಪಕ್ಕದ ಬಾಗಿಲಿನ ಮೇಲೆ ಒಂದು ಉದ್ದ ಗೀರು ಎಳೆದು, ಮೈಕಾ ಎದ್ದುಬಂತು. ಮೈಕಾ ಅಂಟಿಸಿದ ಶೀಟಿಗೆ ಸಾವಿರಾರು ರೂಪಾಯಿ. ಬಿಟ್ ಬೆಲೆ ಬೇರೆ.

‘ಮೀಟರ್ ಸರಿಯಾಗೇ ತೋರಿಸ್ತಿದೆಯಲ್ಲಪ್ಪ. ನೀನೇ ಏನೋ ಸ್ಪೀಡ್ ಜಾಸ್ತಿ ಮಾಡಿರ್ತೀಯ’ ಎಂದರು ಮೇಸ್ತ್ರಿ.

‘ಇಲ್ಲ ಅಣ್ಣ, ಪ್ರೋಗ್ರಾಂ ಮುಟ್ಟೇ ಇಲ್ಲ. ಬೆಳಿಗ್ಗೆ ಹೆಂಗಿತ್ತೋ ಹಂಗೇ ಓಡ್ಸಿದ್ದು’ ಎಂದ ಹುಡುಗ. ಅಳು ಗಂಟಲಿಗೆ ಬಂದಿತ್ತು.

ಸಂಜೆ ಮಾಲೀಕರು ಬಂದು ನೋಡಿ ಒಂದೇ ಮಾತು ಹೇಳಿದರು: ‘ಅವನ ಸಂಬಳದಲ್ಲಿ ಹಿಡೀರಿ.’

ಸಣ್ಣ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರಿಗೆ ಈ ಮಾತು ಹೊಸದಲ್ಲ. ಹೊಸಬ ಮಷಿನ್ ಮುಂದಿದ್ದಾಗ ಏನು ಮುರಿದರೂ ಮುರಿದದ್ದು ಅವನೇ. ಆ ಹುಡುಗನ ಮನೆಗೆ ತಿಂಗಳು ತಿಂಗಳು ದುಡ್ಡು ಹೋಗಬೇಕು. ಅರ್ಧ ಸಂಬಳ ಹಿಡಿದರೆ ಪಿಜಿ ಬಾಡಿಗೆಗೂ ಸಾಲುವುದಿಲ್ಲ.

ಆ ಬೋರ್ಡಿಗೆ ಮೇಲ್ಮೈ ಕೆತ್ತಿ ವಾರಗಳೇ ಆಗಿದ್ದವು. ಹಬ್ಬದ ಡೆಲಿವರಿ ಇದೆ, ಮಷಿನ್ ನಿಲ್ಲಿಸುವ ಹಾಗಿಲ್ಲ ಎಂದು ಪ್ರತಿ ಸೋಮವಾರ ಮುಂದಕ್ಕೆ ಹಾಕುತ್ತಿದ್ದರು. ನಾನು ಮೇಸ್ತ್ರಿಗೆ ‘ಎರಡು ನಿಮಿಷ ಕೊಡಿ, ಒಂದು ತೋರಿಸ್ತೀನಿ’ ಎಂದೆ. ಸ್ಪಿಂಡಲ್ ನಿಲ್ಲಿಸಿ, ಪಂಪ್ ಮಾತ್ರ ಓಡಿಸಿ, ಅದೇ ಅಂಗೈಯಗಲದ ತುಂಡನ್ನು ಅದೇ ಜಾಗದಲ್ಲಿಟ್ಟೆವು. ಉಳಿದ ಬೆಡ್ ಪೂರ್ತಿ ಶೀಟು ಮುಚ್ಚಿತ್ತು. ಮಾಲೀಕರೇ ಬೆರಳಿನಿಂದ ತಳ್ಳಿದರು. ತುಂಡು ಸರಿಯಿತು. ಅದೇ ತುಂಡನ್ನು ಹೆಚ್ಚು ಬಳಕೆಯಾಗದ ಮೂಲೆಯಲ್ಲಿಟ್ಟೆವು. ಎರಡು ಕೈಯಿಂದ ತಳ್ಳಿದರೂ ಅಲುಗಲಿಲ್ಲ. ಎರಡು ಸಲವೂ ಮೀಟರ್ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತಿತ್ತು.

‘ಇದೇನಿದು?’ ಎಂದರು ಮಾಲೀಕರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೀಟರ್ ನೋಡುವುದು ಎಲ್ಲಿ?

ಎಳನೀರಿಗೆ ಹಾಕುವ ಸ್ಟ್ರಾ ತೆಗೆದುಕೊಳ್ಳಿ. ಒಂದು ತುದಿ ಬಾಯಲ್ಲಿಟ್ಟು, ಇನ್ನೊಂದು ತುದಿಯನ್ನು ಬೆರಳಿಂದ ಮುಚ್ಚಿ ಎಳೆಯಿರಿ. ಕೆನ್ನೆ ಒಳಕ್ಕೆ ಹೋಗುತ್ತದೆ. ಈಗ ಸ್ಟ್ರಾದ ಮಧ್ಯದಲ್ಲಿ ಎಳನೀರಿನ ಗಂಜಿ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಆಗಲೂ ಕೆನ್ನೆ ಒಳಕ್ಕೆ ಹೋಗುತ್ತದೆ, ಆದರೆ ಎಳನೀರು ಬಾಯಿಗೆ ಬರುವುದಿಲ್ಲ. ಬಾಯಿಗೆ ಗೊತ್ತಾಗುವುದು ತನ್ನ ಕಡೆಯ ಎಳೆತ ಮಾತ್ರ.

ನಮ್ಮ ವ್ಯಾಕ್ಯೂಮ್ ಮೀಟರ್ ಇರುವುದೂ ಬಾಯಿಯ ಕಡೆಗೇ, ಪಂಪ್ ಮತ್ತು ಬೆಡ್ ನಡುವಿನ ಪೈಪಿನಲ್ಲಿ. ಅದು ಬೋರ್ಡಿನ ಕೆಳಗಿನ ಕಥೆ ಹೇಳುತ್ತದೆ. ಶೀಟು ಕೂತಿರುವುದು ಬೋರ್ಡಿನ ಮೇಲೆ. ಬೋರ್ಡಿನ ಸಂದುಗಳಲ್ಲಿ ನುಣ್ಣನೆಯ ಹುಡಿ ತುಂಬಿಕೊಂಡರೆ ಗಾಳಿ ಹಾಯುವುದಿಲ್ಲ. ಆಗ ಮೀಟರ್ ಇಳಿಯುವುದಿಲ್ಲ, ಇನ್ನೂ ಏರುತ್ತದೆ! ‘ಆಹಾ, ವ್ಯಾಕ್ಯೂಮ್ ಭರ್ಜರಿ’ ಎಂದು ನಾವು ಸ್ಟಾರ್ಟ್ ಒತ್ತುತ್ತೇವೆ. ಮೇಲೆ ಹಿಡಿತವೇ ಇರುವುದಿಲ್ಲ.

ಅದಕ್ಕೇ ಒಂದು ಅಂಕಿ ಸಾಲದು, ಮೂರು ಬೇಕು. ಬೆಡ್‌ಗೆ ಹೋಗುವ ವಾಲ್ವ್ ಮುಚ್ಚಿ ಪಂಪ್ ಒಂದೇ ಓಡುವಾಗ ಮೀಟರ್ ಎಷ್ಟು? ಬರೀ ಬೋರ್ಡ್ ಇದ್ದಾಗ, ಮೇಲೆ ಏನೂ ಇಲ್ಲದಾಗ ಎಷ್ಟು? ಪೂರ್ತಿ ಶೀಟು ಹಾಕಿದಾಗ ಎಷ್ಟು? ಮೊದಲನೆಯದು ಇಳಿದರೆ ಪಂಪ್ ಅಥವಾ ಅದರ ಫಿಲ್ಟರ್ ನೋಡಿ. ಮೊದಲನೆಯದು ಸರಿಯಿದ್ದು ಮೂರನೆಯದು ಇಳಿದರೆ ಎಲ್ಲೋ ಸೋರುತ್ತಿದೆ, ಬೋರ್ಡಿನ ಅಂಚು ಅಥವಾ ರಬ್ಬರ್ ಗ್ಯಾಸ್ಕೆಟ್ ನೋಡಿ. ಎರಡನೆಯದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಬೋರ್ಡಿನ ಉಸಿರು ಕಟ್ಟುತ್ತಿದೆ. ಹುಡುಗನ ಪ್ರಕರಣದಲ್ಲಿ ಆಗಿದ್ದು ಇದೇ. ದಿನಾ ಕತ್ತರಿಸುವ ಜಾಗದಲ್ಲಿ ಹುಡಿ ತುಂಬಿತ್ತು, ಮೇಲೆ ನೂರಾರು ಗೀರುಗಳು. ಸಣ್ಣ ತುಂಡಿನ ಕೆಳಗೆ ಬಂದ ಅಲ್ಪಸ್ವಲ್ಪ ಹಿಡಿತವೂ ಆ ಗೀರುಗಳ ದಾರಿಯಲ್ಲಿ ಸೋರಿಹೋಗುತ್ತಿತ್ತು.

ಅವತ್ತು ರಾತ್ರಿ ಬೋರ್ಡಿನ ಮೇಲ್ಮೈ ಅರ್ಧ ಮಿಲಿಮೀಟರಿನಷ್ಟು ಕೆತ್ತಿದೆವು. ಬೆಳಿಗ್ಗೆ ಮಾಲೀಕರು ಅದೇ ತುಂಡನ್ನು ಅದೇ ಜಾಗದಲ್ಲಿಟ್ಟು ತಳ್ಳಿದರು. ಅಲುಗಲಿಲ್ಲ. ‘ಸರಿ ಬಿಡಿ’ ಎಂದರು. ಸಾರಿ ಗೀರಿ ಏನಿಲ್ಲ! ಆದರೆ ಸಂಬಳ ಹಿಡಿಯಲಿಲ್ಲ.

ಹೊಸ ಬೋರ್ಡಿನ ಮಡಿ

ಹೊಸ ಎಂಡಿಎಫ್ ತಂದು ಬೆಡ್ ಮೇಲೆ ಎಸೆದರೆ ಕೆಲಸ ನಡೆಯುವುದಿಲ್ಲ. ಅದಕ್ಕೂ ಒಂದಷ್ಟು ಮಡಿ ಇದೆ.

ಮೊದಲು ಒಂದೆರಡು ದಿನ ಮಷಿನ್ ಇರುವ ಕೋಣೆಯಲ್ಲೇ, ಗೋಡೆಗೆ ಒರಗಿಸದೆ, ಮಟ್ಟವಾಗಿ ಮಲಗಿಸಿಡಬೇಕು. ಆ ಜಾಗದ ತೇವಕ್ಕೆ ಅದು ಹೊಂದಿಕೊಳ್ಳಲಿ. ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಬೋರ್ಡ್ ಹಪ್ಪಳದ ಹಾಗೆ ಬಾಗುತ್ತದೆ.

ಎರಡನೆಯದು, ಸಿಪ್ಪೆ ತೆಗೆಯುವುದು. ಫ್ಯಾಕ್ಟರಿಯಲ್ಲಿ ಬಿಸಿ ಪ್ರೆಸ್ ಒತ್ತುವಾಗ ಎಂಡಿಎಫ್‌ನ ಎರಡೂ ಮೇಲ್ಮೈ ಒಳಗಿನ ಭಾಗಕ್ಕಿಂತ ಗಟ್ಟಿಯಾಗುತ್ತವೆ. ಆ ಗಟ್ಟಿ ಸಿಪ್ಪೆ ಗಾಳಿಯನ್ನು ತಡೆಯುತ್ತದೆ. ಒಂದು ಕಡೆ ಸುಮಾರು ಅರ್ಧ ಮಿಲಿಮೀಟರ್ ಕೆತ್ತಿ, ಬೋರ್ಡ್ ಮಗುಚಿ, ಇನ್ನೊಂದು ಕಡೆಯೂ ಅಷ್ಟೇ ಕೆತ್ತಬೇಕು. ಒಂದೇ ಕಡೆ ಕೆತ್ತಿದರೆ ಎರಡು ತೊಂದರೆ. ಕೆಳಗಿನ ಸಿಪ್ಪೆ ಗಾಳಿಯನ್ನು ತಡೆಯುತ್ತಲೇ ಇರುತ್ತದೆ, ಎರಡು ಕಡೆಯ ಬಿಗಿತ ಬೇರೆ ಬೇರೆಯಾಗಿ ಬೋರ್ಡ್ ಬಾಗಲೂಬಹುದು.

ಮೂರನೆಯದು, ಅಂಚು ಮುಚ್ಚುವುದು. ನಾಲ್ಕೂ ಬದಿಯಲ್ಲಿ ಒಳಗಿನ ಮೆತ್ತನೆಯ ನಾರು ಬಾಯಿ ತೆರೆದುಕೊಂಡಿರುತ್ತದೆ. ಪಂಪ್‌ಗೆ ಸುಲಭದ ದಾರಿ ಅದು. ಶೀಟಿನ ಕೆಳಗಿನ ಗಾಳಿ ತೆಗೆಯುವ ಬದಲು ಪಕ್ಕದ ಗಾಳಿ ಕುಡಿಯುತ್ತಾ ಕೂರುತ್ತದೆ. ಬಿಳಿ ಫೆವಿಕಾಲನ್ನು ಬ್ರಶ್‌ನಲ್ಲಿ ಎರಡು ಕೈ ಬಳಿದು ಒಣಗಿಸಿದರೂ ಆಗುತ್ತದೆ, ಬಾಗಿಲಿಗೆ ಹಾಕುವ ಎಡ್ಜ್ ಬ್ಯಾಂಡ್ ಟೇಪ್ ಹಚ್ಚಿದರೂ ಆಗುತ್ತದೆ. ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡಬೇಕು. ಸೋರುವ ಜಾಗ ಹುಡುಕಲು ಊದುಬತ್ತಿ ಹೊಗೆ ಹಿಡಿಯೋಣ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಮರದ ಹುಡಿ ತುಂಬಿದ ಶೆಡ್ಡಿನಲ್ಲಿ ಬೆಂಕಿ ತರಲೇಬಾರದು. ದಿನಪತ್ರಿಕೆಯ ತೆಳ್ಳನೆಯ ಒಂದು ಪಟ್ಟಿ ಹಿಡಿದು ಅಂಚಿನ ಉದ್ದಕ್ಕೂ ಸಾಗಿದರೆ ಸಾಕು, ಸೋರುವ ಕಡೆ ಅದು ಒಳಕ್ಕೆ ಅಂಟುತ್ತದೆ.

ಬೋರ್ಡನ್ನು ಬೋಲ್ಟ್ ಹಾಕಿ ಕೂರಿಸುವುದಾದರೆ ನೈಲಾನ್ ಬೋಲ್ಟ್ ಇರಲಿ. ಮುಂದೊಂದು ದಿನ ಬಿಟ್ ಅದಕ್ಕೆ ತಗುಲಿದರೂ ಪ್ಲಾಸ್ಟಿಕ್ ಕತ್ತರಿಸಿ ಹೋಗುತ್ತದೆ. ಕಬ್ಬಿಣದ್ದಾದರೆ ಮುಗಿಯಿತು ಕಥೆ.

ಕಣ ಸಾರಿಸಿದ ಹಾಗೆ

ಹಳ್ಳಿಯಿಂದ ಬಂದವರಿಗೆ ಕಣ ಗೊತ್ತು. ಸುಗ್ಗಿಗೆ ಮೊದಲು ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡು ಉರುಳಿಸಿ, ಸಗಣಿ ಸಾರಿಸುತ್ತಿದ್ದರು. ಹೋದ ವರ್ಷದ ಕಣ ಈ ವರ್ಷಕ್ಕೆ ನಡೆಯುವುದಿಲ್ಲ. ಬಿರುಕಿದ್ದರೆ ಕಾಳು ಮಣ್ಣಿನ ಪಾಲು. ಸ್ಪಾಯಿಲ್‌ಬೋರ್ಡಿನ ಮೇಲ್ಮೈ ಕೆತ್ತುವುದೂ ಹಾಗೆಯೇ, ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ.

ಮಾಡುವುದು ಹೀಗೆ. ಬೋರ್ಡಿನ ಮೇಲಿನ ಹುಡಿಯನ್ನೆಲ್ಲ ಡಸ್ಟ್ ಕಲೆಕ್ಟರ್ ಪೈಪಿನಿಂದ ಎಳೆದು ತೆಗೆಯಿರಿ. ಏರ್ ಗನ್ನಿನಿಂದ ಊದಬೇಡಿ, ಊದಿದರೆ ಅರ್ಧ ಹುಡಿ ಬೋರ್ಡಿನ ಸಂದುಗಳಿಗೆ, ಇನ್ನರ್ಧ ನಿಮ್ಮ ಶ್ವಾಸಕೋಶಕ್ಕೆ. ಆಮೇಲೆ ಪೆನ್ಸಿಲಿನಲ್ಲಿ ಬೋರ್ಡಿನ ತುಂಬ ಚೌಕುಳಿ ಗೆರೆ ಎಳೆಯಿರಿ. ಕತ್ತರಿಸುವಾಗ ಹೇಗೋ ಹಾಗೆಯೇ ಪಂಪ್ ಓಡುತ್ತಿರಲಿ, ಆಗ ಬೋರ್ಡ್ ಬೆಡ್‌ಗೆ ಅಂಟಿ ಕೂರುತ್ತದೆ. ಅಗಲ ಮೂತಿಯ ಕಟರ್ ಹಾಕಿ, 0.2 ಅಥವಾ 0.3 ಮಿ.ಮೀ. ಇಳಿಸಿ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಹತ್ತುವಂತೆ ಓಡಿಸಿ. ಪೆನ್ಸಿಲ್ ಗೆರೆ ಎಲ್ಲಾದರೂ ಉಳಿದಿದ್ದರೆ ಅಲ್ಲಿ ತಗ್ಗಿದೆ ಎಂದರ್ಥ, ಇನ್ನೊಂದು ಸುತ್ತು ಬೇಕು. ಎಲ್ಲ ಅಳಿಸಿದ ಮೇಲೆ ಉಗುರಿನಿಂದ ಅಡ್ಡಕ್ಕೆ ಗೀರಿ ನೋಡಿ. ಸಾಲು ಸಾಲಿನ ನಡುವೆ ಮೆಟ್ಟಿಲು ಸಿಕ್ಕಿದರೆ ಸ್ಪಿಂಡಲ್ ನೇರವಾಗಿ ನಿಂತಿಲ್ಲ, ಓರೆಯಾಗಿದೆ. ಅದು ಬೋರ್ಡಿನ ದೋಷವಲ್ಲ, ಸರ್ವಿಸ್‌ನವರನ್ನು ಕರೆಯಬೇಕು.

ಒಂದು ಎಚ್ಚರಿಕೆ. ಈ ಅಗಲ ಕಟರ್ ಹಾಕಿದಾಗ ಸ್ಪೀಡ್ ಬದಲಿಸುವುದನ್ನು ಮರೆಯಬಾರದು. 6 ಮಿ.ಮೀ. ಬಿಟ್ 18,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 20 ಕಿ.ಮೀ., ಸೈಕಲ್ ವೇಗ. 100 ಮಿ.ಮೀ. ಕಟರ್ ಅದೇ ಸುತ್ತಿನಲ್ಲಿ ತಿರುಗಿದರೆ ಗಂಟೆಗೆ ಸುಮಾರು 340 ಕಿ.ಮೀ.! ಬ್ಲೇಡ್ ತುಂಡು ಕಿತ್ತು ಬಂದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಗರಿಷ್ಠ ಎಷ್ಟು ಸುತ್ತು ಎಂದು ಕಟರ್ ಮೇಲೆ ಬರೆದಿರುತ್ತದೆ. ಅದನ್ನು ಮೀರುವ ಹಾಗಿಲ್ಲ.

ಕೆತ್ತಿದ ಮೇಲೆ ಬೋರ್ಡ್ 0.3 ಮಿ.ಮೀ. ತೆಳ್ಳಗಾಗಿದೆ. ಹಳೆಯ ಸೊನ್ನೆ ಈಗ ಸೊನ್ನೆಯಲ್ಲ. ಬೋರ್ಡಿನ ಮೇಲ್ಮೈಯನ್ನೇ ಹೊಸದಾಗಿ ಝಡ್ ಸೊನ್ನೆ ಎಂದು ಮಷಿನ್‌ಗೆ ಹೇಳಬೇಕು. ಕೆಲವರು ಶೀಟಿನ ಮೇಲ್ಮೈಯನ್ನು ಸೊನ್ನೆ ಮಾಡುತ್ತಾರೆ. 18 ಮಿ.ಮೀ. ಎಂದು ಬಂದ ಶೀಟು ಅಳೆದರೆ 17.7 ಇರಬಹುದು, 18.2 ಇರಬಹುದು. ಆಗ ಒಂದು ಶೀಟಿನಲ್ಲಿ ಬೋರ್ಡಿಗೆ ಆಳದ ಗೀರು, ಇನ್ನೊಂದರಲ್ಲಿ ಶೀಟೇ ಪೂರ್ತಿ ಕತ್ತರಿಸುವುದಿಲ್ಲ. ಬೋರ್ಡಿನಿಂದ ಅಳೆದರೆ ಶೀಟಿನ ದಪ್ಪ ಎಷ್ಟಿದ್ದರೂ ಬಿಟ್ ಬೋರ್ಡಿಗೆ ಇಳಿಯುವುದು 0.1 ಅಥವಾ 0.2 ಮಿ.ಮೀ. ಮಾತ್ರ. ಗೀರು ತೆಳ್ಳಗಿದ್ದಷ್ಟೂ ಬೋರ್ಡಿನ ಆಯಸ್ಸು ಹೆಚ್ಚು.

ಆಯಸ್ಸಿನ ಲೆಕ್ಕವನ್ನೂ ಹಾಕಿಬಿಡೋಣ. 25 ಮಿ.ಮೀ. ಬೋರ್ಡ್ ತಂದು ಎರಡೂ ಕಡೆ ಸಿಪ್ಪೆ ತೆಗೆದರೆ 24 ಉಳಿಯಿತು. 12ಕ್ಕೆ ಬಂದಾಗ ಎಸೆಯುವುದು ಎಂದು ನಮ್ಮಲ್ಲಿ ನಿಯಮ. ಪ್ರತಿ ಸಲ 0.3 ಕೆತ್ತಿದರೆ 40 ಸಲ ಕೆತ್ತಬಹುದು. ವಾರಕ್ಕೊಮ್ಮೆ ಆದರೆ ಒಂಬತ್ತು ತಿಂಗಳು. ಬೋರ್ಡಿನ ಬದಿಯಲ್ಲಿ 12ರ ಮಟ್ಟಕ್ಕೆ ಕೆಂಪು ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟಿದ್ದೇವೆ. ‘ಇನ್ನೊಂದು ತಿಂಗಳು ಓಡಿಸಿ ಬಿಡ್ರಪ್ಪ’ ಎನ್ನುವವರ ಜೊತೆ ನಾವು ವಾದ ಮಾಡುವುದಿಲ್ಲ, ಗೆರೆ ತೋರಿಸುತ್ತೇವೆ.

ಇದರ ಜೊತೆಗೆ ಸಣ್ಣಪುಟ್ಟ ಅಭ್ಯಾಸಗಳಿವೆ. ಅರ್ಧ ಶೀಟು ಹಾಕಿದಾಗ ಖಾಲಿ ಉಳಿದ ಬೋರ್ಡನ್ನು ಮೈಕಾ ತುಂಡುಗಳಿಂದ ಮುಚ್ಚುವುದು. ಸಣ್ಣ ತುಂಡುಗಳನ್ನು ಶೀಟಿನ ಅಂಚಿಗೆ ತಳ್ಳದೆ ಮಧ್ಯದಲ್ಲಿ ಜೋಡಿಸಿ, ಶೀಟು ಇನ್ನೂ ಇಡಿಯಾಗಿರುವಾಗಲೇ ಅವನ್ನು ಮೊದಲು ಕತ್ತರಿಸುವುದು. ತೀರಾ ಸಣ್ಣದಾದರೆ ಮೊದಲ ಸುತ್ತಿನಲ್ಲಿ ಈರುಳ್ಳಿ ಸಿಪ್ಪೆಯಷ್ಟು ಉಳಿಸಿ, ಕೊನೆಯ ಸುತ್ತಿನಲ್ಲಿ ನಿಧಾನವಾಗಿ ಬಿಡಿಸುವುದು. ಹೊಸ ಶೀಟು ಹಾಕುವ ಮೊದಲು ಬೋರ್ಡಿನ ಮೇಲೆ ಅಂಗೈ ಆಡಿಸುವುದು, ಮಷಿನ್ ಪೂರ್ತಿ ನಿಂತಿದ್ದಾಗ ಮಾತ್ರ. ಒಂದು ಸಣ್ಣ ಚೂರು ಕೆಳಗೆ ಸಿಕ್ಕಿಕೊಂಡರೂ ಶೀಟು ಅಲ್ಲಿ ಎದ್ದಿರುತ್ತದೆ, ಸುತ್ತಲೂ ಗಾಳಿ ನುಗ್ಗುತ್ತದೆ.

ಅರವತ್ತು ಪುಟದ ನೋಟ್‌ಬುಕ್

ಆ ಘಟನೆಯ ನಂತರ ಮಷಿನ್ ಪಕ್ಕದಲ್ಲಿ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಪ್ರತಿ ಸೋಮವಾರ ಒಂದು ಸಾಲು. ದಿನಾಂಕ, ಮೀಟರಿನ ಮೂರು ಅಂಕಿ, ಎಷ್ಟು ಕೆತ್ತಿದ್ದೇವೆ, ಬೋರ್ಡ್ ದಪ್ಪ ಎಷ್ಟು ಉಳಿದಿದೆ, ಫಿಲ್ಟರ್ ತೊಳೆದೆವೋ ಇಲ್ಲವೋ, ಬರೆದವರ ಸಹಿ. ಕೆಲಸ ಮುಂದಕ್ಕೆ ಹಾಕಿದರೆ ಅದನ್ನೂ ಬರೆಯುತ್ತೇವೆ: ‘ಡೆಲಿವರಿ ಇದ್ದದ್ದರಿಂದ ಈ ವಾರ ಕೆತ್ತಿಲ್ಲ.’ ಯಾರು ಹೇಳಿದರು ಎಂದು ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಎಲ್ಲರಿಗೂ ಗೊತ್ತಿರುತ್ತದೆ!

ಈ ನೋಟ್‌ಬುಕ್ಕಿನ ಬೆಲೆ ಏನೆಂದು ಹೊಸದಾಗಿ ಕೆಲಸಕ್ಕೆ ಸೇರುವವರು ತಿಳಿದುಕೊಳ್ಳಬೇಕು. ನಷ್ಟವಾದರೆ ಸಂಬಳದಲ್ಲಿ ಹಿಡಿಯಲೇಬಾರದು ಎಂದು ಕಾನೂನು ಹೇಳುವುದಿಲ್ಲ. ಆದರೆ 1936ರ ವೇತನ ಪಾವತಿ ಕಾಯ್ದೆಯಲ್ಲೂ, ಅದರ ಜಾಗಕ್ಕೆಂದು ತಂದ 2019ರ ವೇತನ ಸಂಹಿತೆಯಲ್ಲೂ ಷರತ್ತುಗಳಿವೆ. ಕೆಲಸಗಾರನ ಸುಪರ್ದಿಗೆ ಕೊಟ್ಟ ವಸ್ತು ಅವನದೇ ನಿರ್ಲಕ್ಷ್ಯದಿಂದ ಹಾಳಾಗಿರಬೇಕು. ಹಿಡಿಯುವ ಹಣ ಆದ ನಷ್ಟವನ್ನು ಮೀರಬಾರದು. ಹಿಡಿಯುವ ಮೊದಲು ಕಾರಣ ಹೇಳಿಕೊಳ್ಳಲು ಅವನಿಗೆ ಅವಕಾಶ ಕೊಡಲೇಬೇಕು. ಅವಕಾಶವೇನೋ ಇದೆ, ಹೇಳುವುದಕ್ಕೆ ಏನಿದೆ? ‘ನಾನೇನೂ ಮಾಡಿಲ್ಲ ಸಾರ್’ ಎನ್ನುವ ಮಾತಿಗೂ, ‘ಐದು ವಾರದಿಂದ ಬೋರ್ಡ್ ಕೆತ್ತಿಲ್ಲ, ಬರೀ ಬೋರ್ಡಿನ ಅಂಕಿ ಏರುತ್ತಾ ಬಂದಿದೆ, ನೋಡಿ’ ಎನ್ನುವ ಮಾತಿಗೂ ತೂಕ ಬೇರೆ. ಎರಡನೆಯದನ್ನು 20 ವರ್ಷದ ಹುಡುಗನೂ ತಲೆ ಎತ್ತಿ ಹೇಳಬಹುದು.

ಇದು ಮಾಲೀಕರ ವಿರುದ್ಧದ ಆಯುಧವೂ ಅಲ್ಲ. ಒಂದು ಬಿಟ್, ಒಂದು ಶೀಟು, ವಾಪಸ್ ಬಂದ ಒಂದು ಬಾಗಿಲು, ಇವುಗಳ ಮುಂದೆ ಬೋರ್ಡ್ ಕೆತ್ತಲು ಬೇಕಾಗುವ ಅರ್ಧ ಗಂಟೆ ಏನೂ ಅಲ್ಲ ಎಂದು ಅವರಿಗೂ ಈಗ ಗೊತ್ತಾಗಿದೆ. ಆಯುಧಪೂಜೆಗೆ ಸ್ಪಿಂಡಲ್‌ಗೆ ಹೂವಿನ ಹಾರ, ಕಂಟ್ರೋಲ್ ಪ್ಯಾನಲ್‌ಗೆ ಅರಿಶಿನ ಕುಂಕುಮ, ಬಾಗಿಲಿಗೆ ಬೂದುಗುಂಬಳಕಾಯಿ. ಹೋದ ಸಲ ನಮ್ಮ ಮೇಸ್ತ್ರಿ ಬೋರ್ಡಿನ ಬದಿಗೂ ಒಂದು ಬೊಟ್ಟು ಇಟ್ಟರು. ‘ವರ್ಷವಿಡೀ ಪೆಟ್ಟು ತಿನ್ನೋದು ಇದೇ ಅಲ್ಲವೇನಪ್ಪ’ ಎಂದರು.

ಹುಡಿಯ ಮಾತು

ಬೋರ್ಡಿನ ಉಸಿರಿನ ಬಗ್ಗೆ ಇಷ್ಟು ಮಾತಾಡಿ ನಮ್ಮ ಉಸಿರಿನ ಬಗ್ಗೆ ಸುಮ್ಮನಿರಲಾಗದು. ಎಂಡಿಎಫ್ ಕೆತ್ತುವಾಗ ಬರುವ ಹುಡಿ ಹಿಟ್ಟಿಗಿಂತ ನುಣ್ಣಗಿರುತ್ತದೆ. ಮರದ ಹುಡಿಯನ್ನೂ, ಎಂಡಿಎಫ್ ಅಂಟಿನಲ್ಲಿ ಸಾಮಾನ್ಯವಾಗಿ ಬಳಸುವ ಫಾರ್ಮಾಲ್ಡಿಹೈಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಬೋರ್ಡ್ ಕೆತ್ತುವ ಅರ್ಧ ಗಂಟೆಯಲ್ಲಿ ಏಳುವಷ್ಟು ಹುಡಿ ಬೇರೆ ಕೆಲಸದಲ್ಲಿ ಏಳುವುದು ಕಡಿಮೆ. ಕರ್ಚೀಫು ಕಟ್ಟಿಕೊಂಡರೆ ನಡೆಯುವುದಿಲ್ಲ, ಎನ್-95 ಮಾಸ್ಕ್ ಬೇಕು, ಕನ್ನಡಕ ಬೇಕು, ಡಸ್ಟ್ ಕಲೆಕ್ಟರ್ ಓಡುತ್ತಲೇ ಇರಬೇಕು. ಮಾಸ್ಕ್ ಕೇಳುವುದಕ್ಕೆ ಸಂಕೋಚ ಬೇಡ.

ಮಷಿನ್ ಬಂದರೆ ಕೈಕೆಲಸ ಹೋಯಿತು ಎಂದು ಹೇಳುತ್ತಾರೆ. ಹತ್ತರಿ ಹೊಡೆದು ಹಲಗೆ ಮಟ್ಟ ಮಾಡುತ್ತಿದ್ದ ಆಚಾರಿಗಳ ಕೈ ಅದೆಷ್ಟು ಸೂಕ್ಷ್ಮವೋ, ಬೋರ್ಡಿನ ಮೇಲೆ ಉಗುರು ಗೀರಿ ಮೆಟ್ಟಿಲು ಹುಡುಕುವ ಕೈಯೂ ಅಷ್ಟೇ ಸೂಕ್ಷ್ಮವಾಗಿರಬೇಕು. ಕಂಪ್ಯೂಟರ್ ಕತ್ತರಿಸುತ್ತದೆ ನಿಜ, ಆದರೆ ತನ್ನ ಕೆಳಗಿನ ಬೋರ್ಡು ಸವೆದಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ನೋಡುವವರು ನಾವೇ.

ಆ ಹುಡುಗ ಈಗ ಬೆಳಗಿನ ಶಿಫ್ಟಿನ ಆಪರೇಟರ್. ನೋಟ್‌ಬುಕ್ಕಿನಲ್ಲಿ ಅಕ್ಷರ ಎಲ್ಲರಿಗಿಂತ ಚಂದ ಇರುವುದು ಅವನದೇ. ನಿಮ್ಮಲ್ಲೂ ಯಾರಾದರೂ ಇಂಥ ಮಷಿನ್ ಮುಂದೆ ನಿಲ್ಲುವವರಿದ್ದರೆ, ಒಂದು ನೋಟ್‌ಬುಕ್ ತಂದುಬಿಡಿ. ಬರುವ ಸೋಮವಾರ ಸ್ಟಾರ್ಟ್ ಒತ್ತುವ ಮೊದಲು ಮೂರು ಅಂಕಿ ಬರೆಯಿರಿ. ಯಾರೂ ಹೇಳಲಿಲ್ಲವೆಂದು ಕಾಯಬೇಡಿ, ನಮಗೂ ಯಾರೂ ಹೇಳಿರಲಿಲ್ಲ.